ನಾಲ್ಕನೇ ಸಾಲಿನ ಗಾಳಿ

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಮನೆಯವರನ್ನಲ್ಲ, ಫ್ರಿಜ್ಜನ್ನು. ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ನಡೆದು, ಅದರ ಬೆನ್ನಿಗೂ ಗೋಡೆಗೂ ನಡುವೆ ಅಂಗೈ ತೂರಿಸಿ ನೋಡುತ್ತಾರೆ. ಅಂಗೈ ಹಿಡಿಸಿದರೆ ಸರಿ, ಕೂತು ಕಾಫಿ ಕುಡಿಯುತ್ತಾರೆ. ಹಿಡಿಸದಿದ್ದರೆ ಕಾಫಿ ಆರುತ್ತದೆ, ಮನೆಯವರಿಗೆ ಬಿಸಿ ಮುಟ್ಟುತ್ತದೆ.

“ಅಲ್ಲ ಕಣಮ್ಮ, ಗೋಡೆಗೆ ಒತ್ತಿ ನಿಲ್ಲಿಸಿದ್ದೀಯಲ್ಲ, ಅದು ಉಸಿರು ಬಿಡೋದು ಎಲ್ಲಿಗೆ? ನಿನ್ನ ಮೂಗು ಗೋಡೆಗೆ ಒತ್ತಿ ಹಿಡೀಲಾ, ಹೇಗಿರುತ್ತೆ ನೋಡು.”

ಹೀಗೆ ಬೈಸಿಕೊಂಡವರಲ್ಲಿ ನನ್ನ ಹೆಂಡತಿಯೂ ಇದ್ದಾಳೆ, ನಮ್ಮ ಡಾಕ್ಟರೂ ಇದ್ದಾರೆ. “ಇವಳಿಗೆ ಗಾಳಿ ಹಿಡಿದಿದೆ, ಬಿಡಿಸೋಕೆ ಯಾರಿಂದಲೂ ಆಗಲ್ಲ” ಎಂದು ನಮ್ಮಣ್ಣ ನಾಲ್ಕು ಜನರ ಮುಂದೆ ಹೇಳಿಕೊಂಡು ನಗುತ್ತಾನೆ. ಅವನದು ಕನ್ನಡಕದ ಅಂಗಡಿ. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ಹೆಂಡತಿ ಕಂಡದ್ದು ಮಾತ್ರ ಕಾಣುವುದಿಲ್ಲ. ಅದು ಅವನ ತಪ್ಪೂ ಅಲ್ಲ. ಗಾಳಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ ಧೂಳು ಬೀಳುತ್ತದೆ.

ಅತ್ತಿಗೆಯ ಉದ್ಯೋಗ ಒಂದು ಡೇಟಾ ಸೆಂಟರಿನಲ್ಲಿ. ಹಾಗೆಂದರೇನು ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿರುತ್ತದೆ: “ನೀನು ಫೋನಲ್ಲಿ ಫೋಟೋ ಕಳಿಸ್ತೀಯಲ್ಲ, ಅದು ಆಕಾಶಕ್ಕೆ ಹೋಗಲ್ಲಪ್ಪ. ನಮ್ಮ ಹಾಲಿಗೆ ಬರುತ್ತೆ.” ಆ ಹಾಲಿನಲ್ಲಿ ಆಳೆತ್ತರದ ಕಬ್ಬಿಣದ ರ್ಯಾಕುಗಳು ಸಾಲುಸಾಲಾಗಿ ನಿಂತಿವೆ. ಒಂದೊಂದು ರ್ಯಾಕಿನಲ್ಲೂ ತಟ್ಟೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಕಂಪ್ಯೂಟರುಗಳು. ಅವಕ್ಕೆ ರಜೆಯಿಲ್ಲ, ನಿದ್ದೆಯಿಲ್ಲ. ದುಡಿದು ದುಡಿದು ಬಿಸಿಯಾಗುತ್ತವೆ, ನಮ್ಮ ಹಾಗೆ ಬೆವರಲು ಬಾರದ್ದರಿಂದ ಕೆಟ್ಟು ಕೂರುತ್ತವೆ. ಅವುಗಳ ತಲೆ ತಣ್ಣಗಿಡುವುದೇ ಅತ್ತಿಗೆಯ ಕೆಲಸ. ಹಾಲು ಕೆಡದಂತೆ ಫ್ರಿಜ್ಜು, ಹಾಲ್ ಕೆಡದಂತೆ ಅತ್ತಿಗೆ.

ತಮಾಷೆಯೆಂದರೆ ಈ ತಂಪಿನ ಕೆಲಸಕ್ಕೆ ಅವರು ಬಂದದ್ದು ಕಾವಿನ ಕಡೆಯಿಂದ. ಹತ್ತೊಂಬತ್ತನೇ ವಯಸ್ಸಿಗೆ ಒಂದು ಹ್ಯಾಚರಿ ಸೇರಿ, ಇಪ್ಪತ್ತೊಂದು ವರ್ಷ ಕೋಳಿಮೊಟ್ಟೆಗಳನ್ನು ಮರಿ ಮಾಡಿಸಿದವರು ಅವರು. ಅಲ್ಲಿ ಕೋಣೆಯಷ್ಟು ದೊಡ್ಡ ಪೆಟ್ಟಿಗೆಗಳಲ್ಲಿ ಸಾವಿರಾರು ಮೊಟ್ಟೆಗಳು ಟ್ರೇಗಳಲ್ಲಿ ಕೂತಿರುತ್ತಿದ್ದವು. ಫ್ಯಾನು ಬೆಚ್ಚನೆಯ ಗಾಳಿಯನ್ನು ಅವುಗಳ ನಡುವೆ ಓಡಿಸುತ್ತಿತ್ತು. ಅವರು ಸೇರಿದ ಹೊಸತರಲ್ಲಿ ಒಂದು ಪೆಟ್ಟಿಗೆಯ ಹಿಂದಿನ ಮೇಲ್ಮೂಲೆಯ ಮೊಟ್ಟೆಗಳು ಮಾತ್ರ ಒಡೆಯುತ್ತಿರಲಿಲ್ಲ. ಮೇಲ್ವಿಚಾರಕ ಕೋಳಿಗಳನ್ನು ಬೈದ. ಕೋಳಿ ಕೊಟ್ಟವನು ಮೇಲ್ವಿಚಾರಕನನ್ನು ಬೈದ. ಅತ್ತಿಗೆ ಯಾರನ್ನೂ ಬೈಯಲಿಲ್ಲ. ಮರಿಯ ಮೈಮೇಲಿಂದ ಉದುರಿದ ಒಂದು ಎಳೆಯ ಪುಕ್ಕವನ್ನು ದಾರಕ್ಕೆ ಕಟ್ಟಿ, ದಾರವನ್ನು ಸ್ವೆಟರ್ ಹೆಣೆಯುವ ಕಡ್ಡಿಗೆ ಕಟ್ಟಿ, ಪೆಟ್ಟಿಗೆಯೊಳಗೆ ಹೊಕ್ಕು ಪ್ರತಿ ಟ್ರೇಯ ಹತ್ತಿರವೂ ಹಿಡಿದು ನೋಡಿದರು. ಕೆಳಗೆ ಎರಡು ಟ್ರೇಗಳ ಜಾಗ ಖಾಲಿಯಿತ್ತು. ಪುಕ್ಕ ಅಲ್ಲಿ ಹಾರಾಡಿತು. ಮೇಲ್ಮೂಲೆಯಲ್ಲಿ ಸತ್ತಂತೆ ತೂಗಿತು.

“ಗಾಳಿ ಶುದ್ಧ ಸೋಮಾರಿ ಕಣಪ್ಪ” ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾರೆ. “ಹತ್ತಿರದ ದಾರಿ ಸಿಕ್ಕಿದ್ರೆ ದೂರದ ಮನೆಗೆ ಹೋಗೋದೇ ಇಲ್ಲ. ಥೇಟ್ ನಿಮ್ಮಣ್ಣ.”

ಖಾಲಿ ಜಾಗಕ್ಕೆ ಖಾಲಿ ಟ್ರೇ ತುರುಕಿದರು. ಮೂರು ವಾರಕ್ಕೆ ಮೇಲ್ಮೂಲೆಯಲ್ಲೂ ಚಿಂವ್ ಚಿಂವ್ ಕೇಳಿಸಿತು.

ಆ ಹ್ಯಾಚರಿ ಮುಚ್ಚಿದಾಗ ಅತ್ತಿಗೆಗೆ ನಲವತ್ತು. ಡೇಟಾ ಸೆಂಟರಿನವರು ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹಾಲಿಗಲ್ಲ, ಮುಂದಿನ ಕಟ್ಟಡಕ್ಕೆ. ಅಲ್ಲಿ ಆಫೀಸುಗಳಿವೆ, ಲಿಫ್ಟುಗಳಿವೆ, ಸೋರುವ ನಲ್ಲಿಗಳಿವೆ, ಆರಿಹೋಗುವ ದೀಪಗಳಿವೆ. ಅವನ್ನೆಲ್ಲ ರಿಪೇರಿ ಮಾಡುತ್ತ ಅವರು ಎಂಟು ವರ್ಷ ಕಳೆದರು. ಹಾಲಿನೊಳಕ್ಕೆ ಕಾಲಿಡುತ್ತಿದ್ದದ್ದು ತಿಂಗಳಿಗೆರಡು ಸಲ, ಅಲ್ಲಿನ ಎಸಿಗಳ ಜಾಲರಿ ಬಿಚ್ಚಿ ತೊಳೆಯಲು. ಆದರೆ ಮೊದಲ ದಿನ ಆ ಸಾಲುಗಳನ್ನು ಕಂಡಾಗಲೇ ಅವರಿಗೆ ಹ್ಯಾಚರಿ ನೆನಪಾಯಿತಂತೆ. “ಅದೇ ಟ್ರೇಗಳು, ಅದೇ ಫ್ಯಾನು. ತವರಿಗೆ ಹೋದ ಹಾಗಾಯ್ತು. ಆದ್ರೆ ಅಲ್ಲಿ ಯಾರಿಗೂ ಗಾಳಿ ಕಾಣ್ತಾ ಇರ್ಲಿಲ್ಲ. ಎಲ್ಲರೂ ಅಂಕಿ ನೋಡ್ತಾ ಕೂತಿದ್ರು.” ಅಂದಿನಿಂದ ಅವರಿಗೆ ಒಂದೇ ಆಸೆ: ಆ ಹಾಲಿನ ಗಾಳಿಯನ್ನು ನೋಡಿಕೊಳ್ಳುವ ಕೆಲಸ ತಮಗೆ ಸಿಗಬೇಕು. ನಲ್ಲಿ ರಿಪೇರಿಯವಳನ್ನು ಅಲ್ಲಿಗೆ ಯಾರು ಬಿಡುತ್ತಾರೆ?

ಬಿಡಬೇಕಾದವರು ಹಾಲಿನ ಮ್ಯಾನೇಜರು. ಅವರ ಅಡ್ಡಹೆಸರು ಹದಿನೆಂಟು. ಹಾಲಿನ ಆರೂ ಎಸಿಗಳು ಹದಿನೆಂಟು ಡಿಗ್ರಿಯಲ್ಲೇ ನಿಲ್ಲಬೇಕು, ಒಂದು ಗುಂಜಿಯೂ ಅತ್ತಿತ್ತ ಆಗಕೂಡದು ಎಂಬುದು ಅವರ ಕಟ್ಟಪ್ಪಣೆ. ಬಾಗಿಲಲ್ಲಿ ಯಾರಾದರೂ “ಹದಿನೆಂಟು ಬಂತು” ಎಂದು ಪಿಸುಗುಟ್ಟಿದರೆ, ಬಂದದ್ದು ಚಳಿಯೋ ಮ್ಯಾನೇಜರೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಎರಡಕ್ಕೂ ಸ್ವೆಟರ್ ಏರಿಸಿಕೊಂಡು ನೆಟ್ಟಗೆ ಕೂರಬೇಕಿತ್ತು. ಮನುಷ್ಯ ಕೆಟ್ಟವರಲ್ಲ. ಹೆದರಿದವರು. ಅಷ್ಟು ಚಳಿಯಲ್ಲೂ ಅವರ ಹಣೆಯಲ್ಲಿ ಬೆವರಿರುತ್ತಿತ್ತು. ಕಾರಣ ನಾಲ್ಕನೇ ಸಾಲು.

ಆ ಹಾಲಿನ ನೆಲ ನಿಜವಾದ ನೆಲವಲ್ಲ. ಅಸಲಿ ನೆಲದಿಂದ ಮೊಣಕಾಲೆತ್ತರಕ್ಕೆ ಗೂಟ ನಿಲ್ಲಿಸಿ, ಮೇಲೆ ಚೌಕ ಹಲಗೆಗಳನ್ನು ಹಾಸಿದ್ದಾರೆ. ಗೋಡೆಬದಿಯ ಎಸಿಗಳು ತಮ್ಮ ತಂಪುಗಾಳಿಯನ್ನು ಈ ಹಲಗೆಗಳ ಅಡಿಗೆ ಊದುತ್ತವೆ. ರ್ಯಾಕುಗಳ ಮುಖದ ಕಡೆಯ ಓಣಿಯಲ್ಲಿ ಮಾತ್ರ ತೂತಿನ ಹಲಗೆಗಳಿವೆ. ಗಾಳಿ ಅಲ್ಲಿಂದ ಮೇಲೆದ್ದು ಬರುತ್ತದೆ. ಕಂಪ್ಯೂಟರು ಅದನ್ನು ಮುಖದಿಂದ ಹೀರಿ, ಬೆನ್ನಿನಿಂದ ಬಿಸಿಯಾಗಿ ಬಿಡುತ್ತದೆ. ಹೀಗೆ ಮುಖದ ಕಡೆಯದು ತಂಪು ಓಣಿ, ಬೆನ್ನಿನ ಕಡೆಯದು ಬಿಸಿ ಓಣಿ. ಕಾಗದದ ಮೇಲೆ ಎಲ್ಲವೂ ಚೆಂದ. ನಾಲ್ಕನೇ ಸಾಲಿನ ಮೇಲಿನ ಕಂಪ್ಯೂಟರುಗಳು ಮಾತ್ರ ಕಾಗದ ಓದಿರಲಿಲ್ಲ. ದಿನವೂ ಮಧ್ಯಾಹ್ನ ಅವುಗಳ ಮುಂದಿನ ಗಾಳಿ ಇಪ್ಪತ್ತೇಳು ಡಿಗ್ರಿ ದಾಟಿ, ಗಂಟೆ ಹೊಡೆದುಕೊಳ್ಳುತ್ತಿತ್ತು. ಎಲ್ಲರೂ ತಲೆ ಕೆಡಿಸಿಕೊಂಡದ್ದು ಏಕೆಂದರೆ, ಎಸಿಗೆ ಅತಿ ಹತ್ತಿರದ ಸಾಲೇ ಅದು. ಎರಡು ದೊಡ್ಡ ಎಸಿಗಳು ಅದರ ಪಕ್ಕದಲ್ಲೇ ಬೀರುಗಳಂತೆ ನಿಂತಿದ್ದವು.

ಒಂದು ದಿನ ಜಾಲರಿ ತೊಳೆಯಲು ಹೋದ ಅತ್ತಿಗೆ ಚೀಲದಿಂದ ಪುಕ್ಕದ ಕಡ್ಡಿ ತೆಗೆದು ನಾಲ್ಕನೇ ಸಾಲಿನ ಮೊದಲ ತೂತಿನ ಹಲಗೆಯ ಮೇಲೆ ಹಿಡಿದರು. ಪುಕ್ಕ ಮೇಲೇಳಬೇಕಿತ್ತು. ಅದು ತಲೆಕೆಳಗಾಗಿ, ತೂತಿನೊಳಕ್ಕೆ ಮೂಗು ತೂರಿಸಿತು. ಮೇಲಿನ ಗಾಳಿ ಕೆಳಕ್ಕೆ ಇಳಿಯುತ್ತಿತ್ತು!

ಅತ್ತಿಗೆ ಮ್ಯಾನೇಜರ ಮೇಜಿನ ಮುಂದೆ ಹೋಗಿ ನಿಂತರು.

“ಸಾರ್, ನಾಲ್ಕನೇ ಸಾಲು ತಣ್ಣಗಾಗ್ಬೇಕು ಅಂದ್ರೆ ಅದರ ಪಕ್ಕದ ಎರಡು ಎಸಿ ಆರಿಸ್ಬೇಕು.”

“ಏನಂದ್ರಿ?”

“ಆರಿಸ್ಬೇಕು ಸಾರ್.”

“ಹಸಿವು ಹೋಗ್ಬೇಕು ಅಂದ್ರೆ ಊಟ ಬಿಡಿ ಅಂದ ಹಾಗಿದೆ ನಿಮ್ಮ ಮಾತು.”

“ಊಟ ಬಾಯಿ ದಾಟಿ ಕಿವಿ ಹತ್ರ ಹೋಗ್ತಾ ಇದೆ ಸಾರ್. ಹಸಿವು ಇರೋದು ಅದಕ್ಕೇ.”

ಅವರನ್ನು ಕರೆದೊಯ್ದು ಪುಕ್ಕ ತೋರಿಸಿದರು. ಎರಡೂ ಎಸಿಗಳು ಸಾಲಿನ ಬುಡದಲ್ಲೇ ನಿಂತು ಊದುವ ರಭಸಕ್ಕೆ ಗಾಳಿ ಹಲಗೆಯಡಿ ಬಾಣದಂತೆ ಓಡುತ್ತಿತ್ತು. ಮೊದಲ ತೂತುಗಳಲ್ಲಿ ತಲೆಯೆತ್ತಲು ಅದಕ್ಕೆ ಪುರುಸೊತ್ತೇ ಇರಲಿಲ್ಲ; ಓಡುವ ಸೆಳೆತಕ್ಕೆ ಮೇಲಿನ ಗಾಳಿಯನ್ನೇ ಕೆಳಕ್ಕೆ ಎಳೆದುಕೊಳ್ಳುತ್ತಿತ್ತು. “ಎಕ್ಸ್‌ಪ್ರೆಸ್ ಬಸ್ಸು ಸಾರ್. ಡಿಪೋ ಪಕ್ಕದ ಸ್ಟಾಪಲ್ಲಿ ನಿಲ್ಲಲ್ಲ. ಡಿಪೋ ಪಕ್ಕದಲ್ಲೇ ಮನೆ ಇರೋರು ಕೈ ಅಡ್ಡ ಹಿಡ್ಕೊಂಡು ನಿಂತೇ ಇರ್ಬೇಕು.”

ಮ್ಯಾನೇಜರು ಪುಕ್ಕವನ್ನೊಮ್ಮೆ ಅತ್ತಿಗೆಯನ್ನೊಮ್ಮೆ ನೋಡಿದರು. ಅವರೆಷ್ಟು ಬೇಸತ್ತಿದ್ದರೆಂದರೆ ಕೋಳಿಪುಕ್ಕದ ಮಾತನ್ನೂ ಕೇಳುವ ಸ್ಥಿತಿಯಲ್ಲಿದ್ದರು. ಒಂದು ತಿಂಗಳು ಅತ್ತಿಗೆಯನ್ನು ಹಾಲಿಗೆ ಹಾಕಿಕೊಂಡರು. ಕೊನೆಯ ದಿನ ಪರೀಕ್ಷೆ. ಹನ್ನೊಂದರಿಂದ ನಾಲ್ಕರವರೆಗೆ ಆ ಎರಡು ಎಸಿ ಆರಿಸಿಡುವುದು. ನಾಲ್ಕನೇ ಸಾಲು ಇಪ್ಪತ್ತೇಳರೊಳಗೆ ಉಳಿದರೆ ಅತ್ತಿಗೆ ಹಾಲಿನಲ್ಲೇ ಉಳಿಯಬಹುದು. ಒಂದೇ ಒಂದು ಸಲ ಗಂಟೆ ಹೊಡೆದರೂ ಮುಂದಿನ ಕಟ್ಟಡಕ್ಕೆ ವಾಪಸ್ಸು. ಜಾಲರಿ ತೊಳೆಯಲು ಕೂಡ ಬೇರೆಯವರು.

“ಗಾಳಿಗೋಪುರ ಕಟ್ತಾ ಇದ್ದೀಯ” ಎಂದ ನಮ್ಮಣ್ಣ.

“ಹೌದು ರೀ. ಗೋಪುರದಲ್ಲಿ ಗಾಳಿ ಸರಿಯಾಗಿ ಆಡ್ಬೇಕು ಅಷ್ಟೇ” ಎಂದರು ಅತ್ತಿಗೆ.

ಆ ತಿಂಗಳು ಅವರು ಮಾಡಿದ್ದು ಬರೀ ಮುಚ್ಚುವ ಕೆಲಸ. ರ್ಯಾಕುಗಳಲ್ಲಿ ಕಂಪ್ಯೂಟರಿಲ್ಲದ ಜಾಗಗಳು ಹಲ್ಲುದುರಿದ ಬಾಯಿಯಂತೆ ತೆರೆದುಕೊಂಡಿದ್ದವು. ಅಲ್ಲಿಂದ ಹಿಂದಿನ ಬಿಸಿಗಾಳಿ ನುಸುಳಿ ಮುಂದಕ್ಕೆ ಬಂದು, ಕಂಪ್ಯೂಟರು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಆ ಕಿಂಡಿಗಳನ್ನು ಮುಚ್ಚುವ ತಗಡುಗಳಿಗಾಗಿ ಅತ್ತಿಗೆ ಉಗ್ರಾಣವೆಲ್ಲ ಹುಡುಕಿದರು. ಕೊನೆಗೆ ಸಿಕ್ಕಿದ್ದು ಚಹಾ ಕುಡಿಯುವ ಕೋಣೆಯಲ್ಲಿ. ರ್ಯಾಕಿನ ಜೊತೆಗೇ ಬಂದಿದ್ದ ಮೂರು ಪೆಟ್ಟಿಗೆ ತಗಡುಗಳನ್ನು ಅಲಂಕಾರದ ಸಾಮಾನೆಂದು ತಿಳಿದು ಯಾರೋ ಒಂದರ ಮೇಲೊಂದಿಟ್ಟು, ಮೇಲೆ ಪ್ಲಾಸ್ಟಿಕ್ ಹಾಸಿ, ಆರು ವರ್ಷದಿಂದ ಟೀಪಾಯಿ ಮಾಡಿಕೊಂಡಿದ್ದರು. ಅತ್ತಿಗೆ ಬಂದವರಿಗೆಲ್ಲ ಲೋಟ ಕೈಯಲ್ಲಿ ಹಿಡಿಸಿ, ಟೀಪಾಯಿ ಎತ್ತಿಕೊಂಡು ಹೋದರು. ಹಲಗೆಗಳಲ್ಲಿ ವೈರು ಇಳಿಯುವ ತೂತುಗಳಿಗೆ ಕುಂಚದಂಥ ಪಟ್ಟಿ ಬಿಗಿದರು. ಎಸಿಗಳಲ್ಲಿ ಒಂದು ಗಾಳಿಗೆ ತೇವ ಬೆರೆಸುತ್ತಿದ್ದರೆ ಪಕ್ಕದ್ದು ಅದೇ ತೇವವನ್ನು ಹಿಂಡಿ ಚರಂಡಿಗೆ ಬಿಡುತ್ತಿತ್ತು. ವಾರಗಿತ್ತಿಯರ ಆ ಜಗಳವನ್ನೂ ಬಿಡಿಸಿದರು.

ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ವೈರ್ ಮಾಮ. ಐವತ್ತೆಂಟು ವಯಸ್ಸು, ಎರಡೂ ಮೊಣಕಾಲು ಮಾತಾಡುತ್ತವೆ. ಹಾಲಿನ ಪ್ರತಿ ವೈರಿಗೂ ಚೀಟಿ ಕಟ್ಟುವುದು, ಯಾವುದು ಎಲ್ಲಿಗೆ ಹೋಗುತ್ತದೆಂದು ನೆನಪಿಡುವುದು ಅವರ ಕೆಲಸ. ವೈರುಗಳಿರುವುದು ರ್ಯಾಕಿನ ಬೆನ್ನಿಗೆ. ಹಾಗಾಗಿ ಅವರು ದಿನವಿಡೀ ಮೋಟು ಸ್ಟೂಲ್ ಹಾಕಿಕೊಂಡು ಬಿಸಿ ಓಣಿಯಲ್ಲೇ ಕೂತಿರುತ್ತಾರೆ. “ಈ ಹಾಲಲ್ಲಿ ಸಂಬಂಧ ಕಟ್ಟೋನೂ ನಾನೇ, ಸಂಬಂಧ ಕಡಿಯೋನೂ ನಾನೇ” ಎಂಬುದು ಅವರ ಹೆಚ್ಚುಗಾರಿಕೆ. ಅತ್ತಿಗೆಯ ಮೇಲೆ ಅವರಿಗೆ ಅಪಾರ ನಂಬಿಕೆ. ತಗಡು ಕೂರಿಸುವಾಗಲೆಲ್ಲ ಹಿಂದಿನಿಂದ ತಿರುಪು ಹಿಡಿದುಕೊಟ್ಟವರು ಅವರೇ.

ಪರೀಕ್ಷೆಯ ದಿನ ಹನ್ನೊಂದಕ್ಕೆ ಎರಡು ಎಸಿಗಳ ಸದ್ದು ಅಡಗಿತು. ಹಾಲಿನಲ್ಲಿದ್ದ ಹನ್ನೊಂದು ಜನರೂ ಅಂಕಿಯ ಕಡೆ ತಿರುಗಿದರು. ನಾಲ್ಕನೇ ಸಾಲಿನ ತುದಿಯ ತಾಪದ ಅಂಕಿ ಇಪ್ಪತ್ತಾರಲ್ಲಿತ್ತು. ಹನ್ನೆರಡಕ್ಕೆ ಇಪ್ಪತ್ನಾಲ್ಕಾಯಿತು. ಒಂದು ಗಂಟೆಗೆ ಇಪ್ಪತ್ತೆರಡೂವರೆ. ಅತ್ತಿಗೆ ಮೊದಲ ಹಲಗೆಯ ಮೇಲೆ ಕಡ್ಡಿ ಹಿಡಿದರು. ಪುಕ್ಕ ಎದ್ದು ನಿಂತು ನೆಟ್ಟಗೆ ಮೇಲೆ ನೋಡಿತು. ಮ್ಯಾನೇಜರು ಮೊದಲ ಬಾರಿಗೆ ಸ್ವೆಟರಿನ ಒಂದು ಗುಂಡಿ ಬಿಚ್ಚಿದರು.

“ಎರಡು ಎಸಿ ಆರಿಸಿದ್ದಕ್ಕೆ ತಣ್ಣಗಾಯ್ತಲ್ರೀ. ಆರೂ ಆರಿಸಿಬಿಟ್ರೆ ಮಂಜು ಬೀಳುತ್ತೇನೋ?” ಎಂದರು. ಹದಿನೆಂಟು ಸಾಹೇಬರು ಹಾಸ್ಯ ಮಾಡಿದ್ದು ಅಲ್ಲಿಯವರೆಗೆ ಯಾರ ದಾಖಲೆಯಲ್ಲೂ ಇಲ್ಲ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅಂಕಿ ಇಪ್ಪತ್ಮೂರಾಯಿತು. ಯಾರೂ ಗಮನಿಸಲಿಲ್ಲ. ಅತ್ತಿಗೆ ಗಮನಿಸಿದರು. ಎರಡೂಕಾಲಿಗೆ ಇಪ್ಪತ್ತೈದು. ಅವರು ಎಸಿಗಳನ್ನು ನೋಡಿ ಬಂದರು, ನಾಲ್ಕೂ ಸರಿಯಾಗಿದ್ದವು. ತಗಡುಗಳನ್ನು ಒತ್ತಿ ನೋಡಿದರು, ಒಂದೂ ಸಡಿಲವಾಗಿರಲಿಲ್ಲ. ಎರಡೂವರೆಗೆ ಇಪ್ಪತ್ತಾರೂವರೆ. ಮ್ಯಾನೇಜರು ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡರು.

“ಏನ್ರೀ ಇದು?”

“ಒಂದ್ನಿಮಿಷ ಸಾರ್.”

ಅತ್ತಿಗೆ ಕಡ್ಡಿ ಹಿಡಿದು ತಂಪು ಓಣಿಯಲ್ಲಿ ಒಂದೊಂದೇ ಹಲಗೆಯ ಮೇಲೆ ನಡೆದರು. ಎದ್ದಿತು, ಎದ್ದಿತು, ಎದ್ದಿತು. ನಾಲ್ಕನೇ ಸಾಲಿನ ನಟ್ಟನಡುವೆ ಪುಕ್ಕ ಜೋತುಬಿತ್ತು. ಬಗ್ಗಿ ನೋಡಿದರೆ ಅಲ್ಲಿ ತೂತಿನ ಹಲಗೆಗಳೇ ಇರಲಿಲ್ಲ. ಎರಡು ಜಾಗದಲ್ಲಿ ನುಣ್ಣನೆಯ ಮುಚ್ಚಿದ ಹಲಗೆ. ಬೆಳಿಗ್ಗೆ ತಾವೇ ಎಣಿಸಿದ್ದ ತೂತಿನ ಹಲಗೆಗಳು ಎಲ್ಲಿ ಹೋದವು?

ಅವರು ಓಡಿದರು. ಐವತ್ತರ ಹತ್ತಿರದ ಹೆಂಗಸು ಆ ಹಾಲಿನಲ್ಲಿ ಓಡಿದ್ದು ಅದೇ ಮೊದಲಂತೆ. ಸಾಲು ಸುತ್ತಿ ಬಿಸಿ ಓಣಿಗೆ ತಿರುಗಿದಾಗ, ವೈರ್ ಮಾಮ ತಮ್ಮ ಮೋಟು ಸ್ಟೂಲಿನ ಮೇಲೆ ಕೂತು, ಚೀಟಿ ಕಟ್ಟುತ್ತ, ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು. ಅವರ ಪ್ಯಾಂಟಿನ ಕಾಲುಗಳು ತಂಪುಗಾಳಿಗೆ ಪಟಪಟ ಬಡಿಯುತ್ತಿದ್ದವು. ಎರಡು ತೂತಿನ ಹಲಗೆಗಳೂ ಅವರ ಪಾದದಡಿ ಇದ್ದವು.

“ಮಾಮ! ಏನ್ ಮಾಡಿದ್ರಿ?”

“ಏನಿಲ್ಲ ತಾಯಿ. ಇವತ್ತು ಯಾಕೋ ಇಲ್ಲಿ ವಿಪರೀತ ಸೆಕೆ. ಯಾವತ್ತೂ ಇಷ್ಟಿರ್ಲಿಲ್ಲ. ತಲೆ ಸುತ್ತಿದ ಹಾಗಾಯ್ತು. ನೀವೆಲ್ಲ ಊಟಕ್ಕೆ ಎದ್ದಾಗ ಎರಡೇ ಎರಡು ಹಲಗೆ ಅದಲುಬದಲು ಮಾಡ್ಕೊಂಡೆ. ಮುಂದೆ ಅಷ್ಟೊಂದು ಇವೆಯಲ್ಲ…”

ಆ ಕ್ಷಣಕ್ಕೆ ಗಂಟೆ ಹೊಡೆಯಿತು. ಇಪ್ಪತ್ತೇಳು ದಾಟಿತ್ತು.

ಅತ್ತಿಗೆಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಹಿಂದೆಲ್ಲ ಕಿಂಡಿಗಳಿಂದ ಬಿಸಿ, ತಂಪು ಬೆರೆತು ಬಿಸಿ ಓಣಿ ಉಗುರುಬೆಚ್ಚಗಿರುತ್ತಿತ್ತು. ಅವರು ಕಿಂಡಿ ಮುಚ್ಚಿ, ಇವತ್ತು ಎರಡು ಎಸಿಯನ್ನೂ ಆರಿಸಿದ್ದರಿಂದ ಬಿಸಿಯೆಲ್ಲ ಇರಬೇಕಾದ ಕಡೆಯೇ ನಿಂತಿತ್ತು. ಓಣಿ ಒಲೆಯಾಗಿತ್ತು. ಕೆಲಸ ಸರಿಯಾಗಿದ್ದಕ್ಕೆ ಅದೇ ಸಾಕ್ಷಿ. ಆ ಒಲೆಯ ಬಾಯಲ್ಲಿ ಒಬ್ಬ ಮನುಷ್ಯ ಸ್ಟೂಲ್ ಹಾಕಿಕೊಂಡು ಕೂರುತ್ತಾನೆಂಬುದು ಮಾತ್ರ ಅವರ ಒಂದು ತಿಂಗಳ ಯೋಚನೆಯಲ್ಲಿ ಎಲ್ಲೂ ಇರಲಿಲ್ಲ.

ಹಲಗೆ ಎತ್ತುವ ರಬ್ಬರು ಬಟ್ಟಲನ್ನು ಒತ್ತಿ, ಅವರೂ ಮಾಮನೂ ಸೇರಿ ಹಲಗೆಗಳನ್ನು ಮೊದಲಿನ ಜಾಗಕ್ಕೆ ಹಾಕಿದರು. ಮೂರು ಗಂಟೆಗೆ ಇಪ್ಪತ್ನಾಲ್ಕು. ಮೂರೂಕಾಲಿಗೆ ಇಪ್ಪತ್ತೆರಡೂವರೆ. ನಾಲ್ಕರವರೆಗೂ ಅಂಕಿ ಅಲ್ಲಿಂದ ಕದಲಲಿಲ್ಲ.

ಆದರೆ ಗಂಟೆ ಹೊಡೆದಾಗಿತ್ತು.

“ಯಾಕೆ ಏರಿತು?” ಎಂದು ಮ್ಯಾನೇಜರು ಕೇಳಿದರು. ವೈರ್ ಮಾಮ ಬಾಯಿ ತೆರೆದರು. ಅತ್ತಿಗೆ ಅವರ ಕಡೆ ತಿರುಗದೆಯೇ, “ಮಾಮ, ಆ ಸ್ಟೂಲ್ ಒಳಗಿಟ್ಟು ಬನ್ನಿ” ಎಂದರು. ಮಾಮ ಹೋದ ಮೇಲೆ, “ನನ್ನ ತಪ್ಪು ಸಾರ್. ಯಂತ್ರದ ಉಸಿರು ನೋಡ್ದೆ, ಮನುಷ್ಯರ ಉಸಿರು ನೋಡ್ಲಿಲ್ಲ” ಎಂದರು.

“ಅಂದ್ರೆ?”

“ಹಿಂದುಗಡೆ ಕೂತು ಕೆಲಸ ಮಾಡೋರಿಗೆ ಜಾಗ ಮಾಡ್ದೆ ಬಿಸಿ ಕಟ್ಟಿಬಿಟ್ಟೆ. ಅದರಿಂದ ಎರಡು ಹಲಗೆ ಅತ್ತಿತ್ತ ಆಯ್ತು.”

ಹಲಗೆಗೆ ಕಾಲಿಲ್ಲ, ಅದು ತಾನಾಗಿ ಅತ್ತಿತ್ತ ಆಗುವುದಿಲ್ಲ. ಆದರೆ ಮನೆಯಲ್ಲಿ ಲೋಟ ಒಡೆದಾಗ “ಒಡೀತು” ಎಂದಷ್ಟೇ ಹೇಳಿ, ಕೈ ಯಾರದೆಂದು ಹೇಳದೆ ಮಕ್ಕಳನ್ನು ಉಳಿಸುವ ತಾಯಂದಿರ ಜಾಣತನ ಎಲ್ಲ ಕಡೆಯೂ ನಡೆಯುತ್ತದೆ. ಹದಿನೆಂಟು ಸಾಹೇಬರು ಹೆಚ್ಚು ಕೆದಕಲಿಲ್ಲ. “ಮಾತು ಅಂದ್ರೆ ಮಾತು. ಒಂದು ಸಲ ಹೊಡೆದ್ರೂ ಅಂತ ಹೇಳಿದ್ದೆ” ಎಂದರು. “ಹೌದು ಸಾರ್” ಎಂದ ಅತ್ತಿಗೆ ದಿನಚರಿ ಪುಸ್ತಕದಲ್ಲಿ ಗಂಟೆ ಹೊಡೆದ ಹೊತ್ತನ್ನು ತಾವೇ ಬರೆದು, ಸಹಿ ಹಾಕಿ, ಚೀಲ ಎತ್ತಿಕೊಂಡು ಹೊರಟರು.

ಅಂದು ಸಂಜೆ ಅವರು ಮನೆಗೆ ಬಂದು ನಮಗೆ ಹೇಳಿದ್ದು ಒಂದೇ ಮಾತು: “ಇಪ್ಪತ್ತೆರಡೂವರೆ.” ನಮ್ಮಣ್ಣನಿಗೆ ಏನೂ ಅರ್ಥವಾಗಲಿಲ್ಲ. ಆದರೂ ತಾನೇ ಎದ್ದು ಹೋಗಿ ಫ್ರಿಜ್ಜನ್ನು ಗೋಡೆಯಿಂದ ಇನ್ನೂ ಎರಡು ಬೆರಳು ಮುಂದಕ್ಕೆ ಎಳೆದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ಬರೆದ ಅತಿ ಉದ್ದದ ಪ್ರೇಮಪತ್ರ ಅದೇ ಇರಬೇಕು.

ಮರುದಿನದಿಂದ ಅತ್ತಿಗೆಯದು ಮತ್ತೆ ಲಿಫ್ಟು, ನಲ್ಲಿ, ದೀಪ. ಹಾಲಿನಲ್ಲಿ ಮತ್ತೆ ಆರೂ ಎಸಿ, ಮತ್ತೆ ಹದಿನೆಂಟು, ಮತ್ತೆ ಸ್ವೆಟರು. ಮಧ್ಯಾಹ್ನ ಎರಡಕ್ಕೆ ನಾಲ್ಕನೇ ಸಾಲಿನ ಗಂಟೆ ಹೊಡೆಯಿತು. ಅದರ ಮರುದಿನವೂ ಹೊಡೆಯಿತು.

ಮೂರನೆಯ ದಿನ ವೈರ್ ಮಾಮ ಮ್ಯಾನೇಜರ ಕೋಣೆಗೆ ಹೋದರು. ಕೂರಲು ಹೇಳಿದರೂ ಕೂರಲಿಲ್ಲ.

“ಸಾರ್, ಅವತ್ತು ಹಲಗೆ ಎತ್ತಿದ್ದು ನಾನು. ಆ ತಾಯಿ ನನ್ನ ಹೆಸರು ಹೇಳ್ಲಿಲ್ಲ. ಮೂರು ರಾತ್ರಿಯಿಂದ ನಿದ್ದೆ ಇಲ್ಲ ನನಗೆ. ನನ್ನನ್ನ ಏನ್ ಬೇಕಾದ್ರೂ ಮಾಡಿ, ಆದ್ರೆ ಆ ಎರಡು ಎಸಿ ಒಂದ್ಸಲ ಆರಿಸಿ ನೋಡಿ. ಇವತ್ತು ನಾನು ಹಿಂದೆ ಕೂರಲ್ಲ.”

ಮ್ಯಾನೇಜರು ಎರಡೂ ಎಸಿಗಳನ್ನು ತಮ್ಮ ಕೈಯಾರೆ ಆರಿಸಿದರು. ಕುರ್ಚಿ ಹಾಕಿಸಿಕೊಂಡು ನಾಲ್ಕನೇ ಸಾಲಿನ ಮುಂದೆ ನಾಲ್ಕು ಗಂಟೆ ಕೂತರು. ಗಂಟೆ ಹೊಡೆಯಲಿಲ್ಲ. ಮರುದಿನವೂ ಆರಿಸಿದರು. ಅದರ ಮರುದಿನವೂ. ಗಂಟೆಗೆ ತುಕ್ಕು ಹಿಡಿಯಿತೇ ಎಂದು ಒಬ್ಬರು ಒರೆಸಿಯೂ ನೋಡಿದರಂತೆ.

ಆರನೆಯ ದಿನ ಅವರು ಮುಂದಿನ ಕಟ್ಟಡದ ಎರಡನೇ ಮಹಡಿಗೆ ಬಂದಾಗ, ಅತ್ತಿಗೆ ಒಂದು ಕೈತೊಳೆಯುವ ಬೇಸಿನ್ನಿನ ಕೆಳಗೆ ಅಂಗಾತ ಮಲಗಿದ್ದರು. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಮ್ಯಾನೇಜರು ಕಾಲುಗಳ ಜೊತೆಯೇ ಮಾತು ಶುರು ಮಾಡಬೇಕಾಯಿತು.

“ಮೇಡಂ, ನಾಳೆಯಿಂದ ಹಾಲಿಗೆ ಬನ್ನಿ.”

ಕೆಳಗಿನಿಂದ ಸ್ಪ್ಯಾನರ್ ತಿರುಗುವ ಸದ್ದು ನಿಂತಿತು. “ಗಂಟೆ ಹೊಡೆದಿತ್ತಲ್ಲ ಸಾರ್.”

“ಹೊಡೆದಿತ್ತು. ಯಾಕೆ ಅಂತ ಗೊತ್ತಾಯ್ತು. ಮಾಮ ಹೇಳಿದ್ರು.”

“ಅವರಿಗೇನಾದ್ರೂ ಅಂದ್ರಾ?”

“ಇಲ್ಲ ಕಣ್ರೀ. ಅಂದಿದ್ರೆ ನೀವು ಬರ್ತೀರಾ?”

ಅತ್ತಿಗೆ ಬೇಸಿನ್ನಿನಡಿಯಿಂದ ಜಾರಿ ಹೊರಬಂದು, ಎದ್ದು ಕೈ ಒರೆಸಿಕೊಂಡರು. ಅವರ ಆಸೆ ಎದುರಿಗೆ ಬಂದು ನಿಂತಿತ್ತು. ಆದರೂ ತಕ್ಷಣ ತಲೆಯಾಡಿಸಲಿಲ್ಲ.

“ಬರ್ತೀನಿ ಸಾರ್. ಮೂರು ಮಾತಿದೆ. ಬಿಸಿ ಓಣಿಯಲ್ಲಿ ಕೆಲಸ ಅಂದ್ರೆ ಬೆಳಿಗ್ಗೆ ಹತ್ತರ ಒಳಗೆ, ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಚೀಟಿ ಬರೆಯೋದು, ಗಂಟು ಹಾಕೋದು ಎಲ್ಲ ಹೊರಗೆ, ಮೇಜಿನ ಮೇಲೆ. ಮಾಮಂಗೆ ಬೆನ್ನಿರೋ ಕುರ್ಚಿ ಕೊಡಿ.”

“ಆಯ್ತು. ಎರಡನೇದು?”

“ಹಲಗೆ ಎತ್ತೋ ಬಟ್ಟಲು ನನ್ನ ಹತ್ರ ಇರ್ಬೇಕು. ಯಾರಿಗಾದ್ರೂ ಸೆಕೆ ಆದ್ರೆ ಹಲಗೆಗೆ ಕೈ ಹಾಕೋ ಮೊದ್ಲು ನನಗೆ ಹೇಳ್ಬೇಕು. ನಾನು ಬೈಯಲ್ಲ.”

“ಬೈತೀರಿ. ಇರ್ಲಿ. ಮೂರನೇದು?”

“ಹದಿನೆಂಟು ಬೇಡ ಸಾರ್. ಇಪ್ಪತ್ನಾಲ್ಕು ಸಾಕು.”

ಮ್ಯಾನೇಜರು ಗೋಡೆಗೆ ಕೈ ಆನಿಸಿ ನಿಂತುಕೊಂಡರು. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಅಂಕಿ. “ಇಪ್ಪತ್ನಾಲ್ಕು?” ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡು ರುಚಿ ನೋಡಿದರು. “ಇಪ್ಪತ್ನಾಲ್ಕು” ಎಂದು ಇನ್ನೊಮ್ಮೆ ಹೇಳಿ ನುಂಗಿದರು.

ಅಂದಿನಿಂದ ಅವರ ಅಡ್ಡಹೆಸರು ಇಪ್ಪತ್ನಾಲ್ಕು. ಇಡೀ ಸಂಸ್ಥೆಯಲ್ಲಿ ಒಂದೇ ದಿನಕ್ಕೆ ಆರು ಮೆಟ್ಟಿಲು ಬಡ್ತಿ ಪಡೆದವರು ಅವರೊಬ್ಬರೇ.

ಇದಾಗಿ ಮೂರು ವರ್ಷವಾಯಿತು. ಹಾಲಿನಲ್ಲಿ ಈಗ ಓಡುವುದು ನಾಲ್ಕೇ ಎಸಿ. ನಾಲ್ಕನೇ ಸಾಲಿನ ಪಕ್ಕದ ಎರಡು ವಿಶ್ರಾಂತಿ ಪಡೆಯುತ್ತವೆ. ಗಾಳಿಯ ಉಸ್ತುವಾರಿ ಅತ್ತಿಗೆಯದು; ಗುರುತಿನ ಚೀಟಿಯಲ್ಲೂ ಹಾಗೇ ಅಚ್ಚಾಗಿದೆ. ಬೇರೆ ಬೇರೆ ಕಡೆಯ ಡೇಟಾ ಸೆಂಟರಿನವರು ಈ ಹಾಲನ್ನು ನೋಡಲು ಬರುತ್ತಾರೆ. ಓದಿದವರು, ಟೈ ಕಟ್ಟಿದವರು, ಕೈಯಲ್ಲಿ ತಾಪ ಅಳೆಯುವ ಪಿಸ್ತೂಲು ಹಿಡಿದವರು. ಕಳೆದ ತಿಂಗಳು ಒಂದು ತಂಡದ ಜೊತೆ ನಮ್ಮಣ್ಣನಿಗೂ ನನಗೂ ಒಳಗೆ ಹೋಗುವ ಅನುಮತಿ ಸಿಕ್ಕಿತ್ತು.

ಬ್ಯಾಂಕಿನ ಲಾಕರ್ ಕೋಣೆಗೆ ಹೋದವರಂತೆ ನಾವು ಮೆಲ್ಲನೆ ಹೆಜ್ಜೆಯಿಡುತ್ತ ತಂಪು ಓಣಿಯಲ್ಲಿ ನಡೆದೆವು. ಹಿತವಾದ ತಂಪು, ಸಂಜೆಯ ಕೆರೆದಂಡೆಯ ಹಾಗೆ. ಬಂದವರು ತಲೆದೂಗಿದರು. ಅತ್ತಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. “ಇದೇನೂ ದೊಡ್ಡದಲ್ಲ, ಈ ಕಡೆ ಬನ್ನಿ” ಎಂದು ಎಲ್ಲರನ್ನೂ ಕರೆದುಕೊಂಡು ಸಾಲು ಸುತ್ತಿ ನಾಲ್ಕನೇ ಸಾಲಿನ ಬೆನ್ನಿಗೆ ನಿಲ್ಲಿಸಿದರು. ಬೇಕರಿಯ ಒಲೆ ಬಾಗಿಲು ತೆರೆದಂತೆ ಬಿಸಿ ಬಂದು ಮುಖಕ್ಕೆ ಅಪ್ಪಳಿಸಿತು. ಟೈ ಕಟ್ಟಿದವರೊಬ್ಬರು ಟೈ ಸಡಿಲಿಸಿದರು. ನಮ್ಮಣ್ಣ ಮುಖ ಒರೆಸಿಕೊಂಡು, “ಅಬ್ಬಾ, ಏನೇ ಇದು! ತಂಪು ಮಾಡೋದು ನಿನ್ನ ಕೆಲಸ ಅಂದ್ಯಲ್ಲ, ಇಲ್ಲಿ ಇಷ್ಟು ಬಿಸಿ ಇದೆ?” ಎಂದ.

ಬಂದವರಲ್ಲಿ ಹಿರಿಯರೊಬ್ಬರು ನಮ್ಮಣ್ಣನ ಹೆಗಲ ಮೇಲೆ ಕೈ ಇಟ್ಟರು. “ಇಷ್ಟು ಬಿಸಿ ಕಟ್ಟೋಕೆ ನಮ್ಮಲ್ಲಿ ಯಾರಿಗೂ ಆಗಿಲ್ಲ ಸಾರ್” ಎಂದರು. “ಅದನ್ನ ಕಲಿಯೋಕೇ ನಾವು ಬಂದಿರೋದು.”

ಅತ್ತಿಗೆ ನಮ್ಮಣ್ಣನ ಕಡೆ ನೋಡಲೂ ಇಲ್ಲ. ಅಂಗೈ ಚಾಚಿ ಆ ಬಿಸಿಯನ್ನೊಮ್ಮೆ ಮುಟ್ಟಿ ನೋಡಿ, “ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇಲ್ಲಿ ಯಾರೂ ನಿಲ್ಲೋ ಹಾಗಿಲ್ಲ. ಕೇಳೋದೆಲ್ಲ ಬೇಗ ಬೇಗ ಕೇಳಿ” ಎಂದರು. ಟೈ ಸಡಿಲಿಸಿದ್ದವರು ಜೇಬಿನಿಂದ ಪೆನ್ನು ತೆಗೆದರು.